ಔಷಧದಾನ ಮಾಡುವ ಕೈಗೆ ಅಭಯವುಂಟೇ?

ಗೃಹಸ್ಥನ ಷಟ್ಕರ್ಮಗಳಲ್ಲಿ ದಾನವೂ ಒಂದು. ಅದು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ಬಗೆಯೆಂಬುದು ಜೈನ ಮನೆಗಳ ಮಕ್ಕಳಿಗೂ ತಿಳಿದ ಸಂಗತಿ. ಶಾಸ್ತ್ರದಾನವೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಹೆಸರಾದ ದಾನಚಿಂತಾಮಣಿ ಅತ್ತಿಮಬ್ಬೆ. ಆಹಾರದಾನವು ಕ್ಷೇತ್ರಗಳ ಭೋಜನಶಾಲೆಗಳಲ್ಲಿ ಇಂದಿಗೂ ನಡೆದುಬಂದಿದೆ. ಔಷಧದಾನವು ಕಳೆದ ಕೆಲವು ದಶಕಗಳಲ್ಲಿ ಹೊಸ ರೂಪ ತಾಳಿದೆ. ಧರ್ಮಾರ್ಥ ಆಸ್ಪತ್ರೆ, ಕಣ್ಣಿನ ತಪಾಸಣಾ ಶಿಬಿರ, ಕಡಿಮೆ ದರದ ರಕ್ತಪರೀಕ್ಷೆ, ಇವುಗಳ ಜೊತೆಗೆ ಈಗ ಭೌತಚಿಕಿತ್ಸಾ ಕೇಂದ್ರ, ಅಂದರೆ ಜನರ ಮಾತಿನ ಫಿಸಿಯೋಥೆರಪಿಯೂ ಸೇರಿಕೊಂಡಿದೆ. ಅಭಯದಾನ ಮಾತ್ರ ಬಹುಮಟ್ಟಿಗೆ ಗೋಶಾಲೆ, ಪಿಂಜರಾಪೋಲುಗಳಲ್ಲಿ ಉಳಿದುಕೊಂಡಿದೆ. ಮೂಕ ಜೀವಿಗಳಿಗೆ ಅಭಯ ನೀಡುವುದು ದೊಡ್ಡ ಪುಣ್ಯವೇ ಸರಿ. ಆದರೆ ಔಷಧದಾನವು ಯಾರ ಕೈಗಳಿಂದ ನಡೆಯುತ್ತಿದೆಯೋ ಆ ಕೈಗಳಿಗೂ ಅಭಯ ಬೇಕಾಗಬಹುದೆಂಬ ವಿಚಾರ ಟ್ರಸ್ಟುಗಳ ಸಭೆಯಲ್ಲಿ ಚರ್ಚೆಗೆ ಬರುವುದು ಅಪರೂಪ.

ಹೀಗೊಂದು ಪ್ರಸಂಗವನ್ನು ಭಾವಿಸಿಕೊಳ್ಳಬಹುದು. ಒಂದು ಊರಿನ ಬಸದಿಯ ಎದುರಿಗೆ ಟ್ರಸ್ಟಿನ ಭೌತಚಿಕಿತ್ಸಾ ಕೇಂದ್ರ. ಪದವಿ ಮುಗಿಸಿ ಬೇರೆ ಜಿಲ್ಲೆಯಿಂದ ಕೆಲಸಕ್ಕೆ ಬಂದ ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳೊಬ್ಬಳು ಅಲ್ಲಿ ಚಿಕಿತ್ಸಕಿ. ಬೆಳಗಿನ ಹತ್ತು ಗಂಟೆಯ ಸರದಿಗೆ ಬರುವವರು ಮೊಣಕಾಲಿನ ಕೀಲು ಬದಲಿಸಿಕೊಂಡ ಹಿರಿಯರು, ಊರಿಗೇ ಬೇಕಾದವರು. ಕೇಂದ್ರದ ಟ್ರ್ಯಾಕ್ಷನ್ ಮಂಚವನ್ನು ಕೊಡಿಸಿದವರೂ ಅವರೇ. ಗೋಡೆಯ ಅಮೃತಶಿಲೆಯ ಫಲಕದಲ್ಲಿ ಅವರ ಹೆಸರಿದೆ. ಮೊದಲ ವಾರ ಅಸಭ್ಯವಾದ ಮಾತು. ಎರಡನೆಯ ವಾರ ಅನಗತ್ಯವಾಗಿ ತಗುಲಿದ ಕೈ. ಒಂದು ದಿನ ಆಕೆ ಅವರ ಕಾಲನ್ನು ಹಿಡಿದು ಮೆಲ್ಲನೆ ಮಡಿಸುತ್ತಿದ್ದಾಗ ಅವರು ಆಕೆಯ ಸೊಂಟಕ್ಕೆ ಕೈ ಹಾಕಿ ಎಳೆದರು. ಆಕೆ ಕೈ ಕೊಡವಿಕೊಂಡಾಗ ಕೆನ್ನೆಗೆ ಹೊಡೆದು, "ನೋವು ಮಾಡಿದಳು" ಎಂದು ಕೂಗಿದರು.

ಆಕೆ ಕಾರ್ಯದರ್ಶಿಗಳ ಬಳಿಗೆ ಹೋಗುತ್ತಾಳೆ. ಅವರು ಕೆಟ್ಟವರಲ್ಲ, ಕೇಂದ್ರಕ್ಕಾಗಿ ಸ್ವಂತ ವ್ಯಾಪಾರದ ಹೊತ್ತನ್ನು ಕಳೆದುಕೊಂಡವರು. ಅವರೆನ್ನುತ್ತಾರೆ: "ನೋಡಮ್ಮಾ, ಅವರು ನಿನ್ನ ತಾತನ ವಯಸ್ಸಿನವರು. ಆಪರೇಷನ್ ಆದ ಕಾಲು, ನೋವಿನಲ್ಲಿ ಕೈ ಎತ್ತಿರಬೇಕು. ನಮ್ಮದು ಕ್ಷಮಾಧರ್ಮ. ಮನಸ್ಸಿನಿಂದ ತೆಗೆದುಹಾಕಿಬಿಡು. ನಾಳೆಯಿಂದ ನಿನಗೆ ಸಂಜೆಯ ಸರದಿ ಕೊಡುತ್ತೇನೆ." ಮಾತು ಅಲ್ಲಿಗೆ ಮುಗಿಯುತ್ತದೆ. ಹತ್ತು ಗಂಟೆಯ ಸರದಿಗೆ ಮತ್ತೊಬ್ಬ ಹುಡುಗಿ ನೇಮಕವಾಗುತ್ತಾಳೆ. ಅವಳಿಗೆ ಯಾರೂ ಏನನ್ನೂ ಹೇಳುವುದಿಲ್ಲ.

ಕಾರ್ಯದರ್ಶಿಗಳ ಮಾತಿನಲ್ಲಿ ಕ್ಷಮೆಯೆಂಬ ದೊಡ್ಡ ಶಬ್ದವಿದೆ. ದಶಲಕ್ಷಣ ಧರ್ಮಗಳಲ್ಲಿ ಮೊದಲನೆಯದಾದ ಉತ್ತಮಕ್ಷಮೆಯನ್ನು ಅವರು ಅಲ್ಲಿ ಉಪಯೋಗಿಸಿದ್ದು ಸರಿಯೇ ಎಂಬುದೇ ವಿಚಾರಿಸಬೇಕಾದ ವಿಷಯ.

ಅದಕ್ಕೆ ಮೊದಲು ಈ ವೃತ್ತಿಯ ಸ್ವರೂಪವನ್ನು ತಿಳಿಯಬೇಕು. ವೈದ್ಯರು ರೋಗಿಯನ್ನು ಕೆಲವು ನಿಮಿಷ ನೋಡಿ ಚೀಟಿ ಬರೆದುಕೊಡುತ್ತಾರೆ. ಭೌತಚಿಕಿತ್ಸಕರದು ಹಾಗಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ, ದಿನಬಿಟ್ಟು ದಿನ, ವಾರಗಟ್ಟಲೆ ಒಬ್ಬನೇ ರೋಗಿಯ ಮೈಮುಟ್ಟಿ ಮಾಡುವ ಕೆಲಸ ಅದು. ಪಾರ್ಶ್ವವಾಯು ಬಡಿದವರನ್ನು ಎದ್ದು ನಿಲ್ಲಿಸುವಾಗ ಚಿಕಿತ್ಸಕರು ತಮ್ಮ ತೋಳನ್ನು ಅವರ ಸೊಂಟಕ್ಕೆ ಸುತ್ತಿ, ಅವರ ಮೊಣಕಾಲಿಗೆ ತಮ್ಮ ಮೊಣಕಾಲನ್ನು ಆನಿಸಿ, ಮುಖಕ್ಕೆ ಮುಖ ಹತ್ತಿರವಾಗುವಂತೆ ನಿಲ್ಲಬೇಕಾಗುತ್ತದೆ. ಸೊಂಟ, ತೊಡೆ, ಭುಜಗಳ ಮೇಲಿನ ಬಟ್ಟೆ ಸರಿಸಬೇಕಾಗುತ್ತದೆ. ಸುತ್ತಲೂ ಪರದೆ ಎಳೆದಿರುತ್ತದೆ. ಮನೆಗೆ ಹೋಗಿ ಚಿಕಿತ್ಸೆ ನೀಡುವ ಕಡೆಗಳಲ್ಲಿ ಆ ಪರದೆಯಾಚೆ ಇನ್ನೊಬ್ಬರಿರುವ ಭರವಸೆಯೂ ಇಲ್ಲ. ಹೊಡೆಯುವ ಕೈಗೆ ಇಷ್ಟು ಸಮೀಪದಲ್ಲಿ ನಿಂತು ಮಾಡುವ ಸೇವೆ ಹೆಚ್ಚಿಲ್ಲ.

ಇಂಥ ಪ್ರಸಂಗಗಳು ಎಲ್ಲೋ ಒಂದೆರಡು ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಭೌತಚಿಕಿತ್ಸಕರ ನಡುವೆ ನಡೆದು 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಉತ್ತರಿಸಿದವರ ಪೈಕಿ ನೂರಕ್ಕೆ 84 ಮಂದಿ ವೃತ್ತಿಜೀವನದಲ್ಲಿ ಒಮ್ಮೆಯಾದರೂ ರೋಗಿಗಳಿಂದ ಲೈಂಗಿಕ ಸ್ವರೂಪದ ಅನುಚಿತ ವರ್ತನೆಯನ್ನು ಎದುರಿಸಿದ್ದರು. ನೂರಕ್ಕೆ 47 ಮಂದಿ ಹಿಂದಿನ ಹನ್ನೆರಡು ತಿಂಗಳೊಳಗೇ ಎದುರಿಸಿದ್ದರು. ಕೀಳು ಮಾತಿನಿಂದ ಮೊದಲಾಗಿ ಬಲಾತ್ಕಾರದ ಸ್ಪರ್ಶದವರೆಗೆ ಎಲ್ಲವೂ ಆ ಲೆಕ್ಕದಲ್ಲಿದೆ. ಆ ದೇಶದ ರೀತಿನೀತಿ ಬೇರೆ ಎನ್ನಬಹುದು. ಆದರೆ ಪರದೆಯೊಳಗಿನ ಏಕಾಂತ, ರೋಗಿಯ ನೋವು, ಚಿಕಿತ್ಸಕಿಯ ಸಾಮೀಪ್ಯ, ಇವು ಎಲ್ಲ ದೇಶಗಳಲ್ಲಿಯೂ ಒಂದೇ. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ, ಗಾಯಕ್ಕೆ ಚಿಕಿತ್ಸೆ ಕೊಡಿಸಲೆಂದು ಪೊಲೀಸರು ಕರೆತಂದ ವ್ಯಕ್ತಿಯೇ ಕರ್ತವ್ಯದಲ್ಲಿದ್ದ ಯುವ ವೈದ್ಯೆಯನ್ನು ಇರಿದು ಕೊಂದಾಗ ದೇಶವೆಲ್ಲ ತಲ್ಲಣಿಸಿತು. ಪ್ರಾಣ ಹೋದಾಗ ಎಲ್ಲರಿಗೂ ಕಾಣುತ್ತದೆ. ಪ್ರತಿದಿನ ಹತ್ತು ಗಂಟೆಗೆ ನಡೆಯುವುದು ಕಾಣುವುದಿಲ್ಲ.

ಭೌತಚಿಕಿತ್ಸಕರು ನೋವು ಕೊಡುತ್ತಾರೆ, ಆದುದರಿಂದ ಏಟು ತಿನ್ನುತ್ತಾರೆ ಎಂಬ ಮಾತೊಂದಿದೆ. ಹೆಪ್ಪುಗಟ್ಟಿದಂತಾದ ಭುಜವನ್ನು ಎತ್ತಿಸುವಾಗ, ಹೊಸ ಕೀಲಿನ ಮೊಣಕಾಲನ್ನು ಮಡಿಸುವಾಗ ನೋವಾಗುವುದು ನಿಜ. ಈ ಪ್ರಶ್ನೆಗೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಹು ಹಿಂದೆಯೇ ಉತ್ತರ ಹೇಳಿದ್ದಾರೆ. ದಯಾಳುವಾದ ವೈದ್ಯನು ಮುನಿಯೊಬ್ಬರ ಮೈಮೇಲಿನ ಹುಣ್ಣನ್ನು ಶಸ್ತ್ರದಿಂದ ಸೀಳಿದಾಗ ನೋವುಂಟಾದರೂ, ಅವನಲ್ಲಿ ಕಷಾಯವಿಲ್ಲವಾದುದರಿಂದ ಆ ನೋವಿನ ಮಾತ್ರದಿಂದ ಅವನಿಗೆ ಪಾಪಬಂಧವಿಲ್ಲವೆಂಬುದು ಅವರ ನಿರ್ಣಯ. ಚಿಕಿತ್ಸಕನು ಕೊಡುವ ನೋವು ಹಿಂಸೆಯಲ್ಲವೆಂದಾದ ಮೇಲೆ, ರೋಗಿಯ ಏಟನ್ನು ಅದಕ್ಕೆ ಪ್ರತಿಯಾಗಿ ಸಂದ ಬಾಕಿಯೆಂದು ಹೇಳಲಾಗದು. ರೋಗಿಯ ಒಪ್ಪಿಗೆ ಪಡೆದು, ಮೊದಲೇ ತಿಳಿಸಿ, ನೋವಿನ ಮಾತ್ರೆ ಕೆಲಸ ಮಾಡುವಷ್ಟು ಹೊತ್ತು ಕಾದು ಮಾಡುವ ಚಿಕಿತ್ಸೆಯಂತೂ ದಯೆಯ ಕ್ರಿಯೆಯೇ. ಹಾಗೆ ಕಾಯದೆ, ಹೇಳದೆ, ಅವಸರದಲ್ಲಿ ಕಾಲು ಮಡಿಸುವ ಚಿಕಿತ್ಸಕನಲ್ಲಿ ಪ್ರಮಾದವಿದೆ, ಅದನ್ನೂ ಒಪ್ಪಬೇಕು. ಟ್ರಸ್ಟುಗಳು ಒಬ್ಬ ಚಿಕಿತ್ಸಕಿಗೆ ದಿನಕ್ಕೆ ಮಿತಿಮೀರಿ ರೋಗಿಗಳನ್ನು ಹಚ್ಚಿದರೆ ಆ ಪ್ರಮಾದದಲ್ಲಿ ಅವುಗಳ ಪಾಲೂ ಇದೆ.

ಇನ್ನು ಹೊಡೆಯುವ ರೋಗಿ. ಇಲ್ಲಿ ಎಲ್ಲ ಏಟುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಯುವಕನು ಪ್ರಜ್ಞೆ ಮರಳುವ ದಾರಿಯಲ್ಲಿ ಒಂದು ಘಟ್ಟವನ್ನು ದಾಟಬೇಕಾಗುತ್ತದೆ. ಕ್ಯಾಲಿಫೋರ್ನಿಯಾದ ರಾಂಚೋ ಲಾಸ್ ಅಮಿಗೋಸ್ ಆಸ್ಪತ್ರೆಯವರು ರೂಪಿಸಿ, ಈಗ ಲೋಕವೆಲ್ಲ ಬಳಸುವ ಅಳತೆಯಲ್ಲಿ ಅದು ನಾಲ್ಕನೆಯ ಮೆಟ್ಟಿಲು. ಕಣ್ಣು ತೆರೆದಿದೆ, ಕೈಕಾಲಿಗೆ ಬಲ ಬಂದಿದೆ, ಆದರೆ ತಾನೆಲ್ಲಿರುವೆನೆಂಬ ಅರಿವಿಲ್ಲ. ಎದುರಿಗಿರುವವರು ತನ್ನನ್ನು ಬದುಕಿಸುವವರೋ ಕೊಲ್ಲುವವರೋ ತಿಳಿಯದು. ಅವನು ಉಗಿಯುತ್ತಾನೆ, ಒದೆಯುತ್ತಾನೆ, ಕಚ್ಚುತ್ತಾನೆ. ವೈದ್ಯರು ಅದನ್ನು ಚೇತರಿಕೆಯ ಲಕ್ಷಣವೆಂದೇ ತಿಳಿಯುತ್ತಾರೆ. ಮರೆವಿನ ಕಾಯಿಲೆಯ ವೃದ್ಧೆಯೊಬ್ಬಳು, ತನ್ನ ಸೀರೆಯನ್ನು ಯಾರೋ ಸೆಳೆಯುತ್ತಿದ್ದಾರೆಂದು ಭ್ರಮಿಸಿ ಚಿಕಿತ್ಸಕಿಯ ಕೂದಲನ್ನು ಹಿಡಿದೆಳೆಯುವುದುಂಟು. ಮೆದುಳಿನ ಮುಂಭಾಗಕ್ಕೆ ಹಾನಿಯಾದಾಗ ಜೀವಮಾನವೆಲ್ಲ ಸಂಯಮದಿಂದ ಬಾಳಿದವರ ಬಾಯಲ್ಲಿಯೂ ಹೊಲಸು ಮಾತು ಬರುತ್ತದೆ. ಮನೆಯವರು ನಾಚಿ ತಲೆತಗ್ಗಿಸುತ್ತಾರೆ.

ಇವರ ವಿಷಯದಲ್ಲಿ ಆಗಮದ ದೃಷ್ಟಿ ಸ್ಪಷ್ಟ. ಹಿಂಸೆಯ ಮೂಲ ಪ್ರಮಾದದಲ್ಲಿದೆ, ಭಾವದಲ್ಲಿದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಆವಾಸದಾನಕ್ಕೆ ದೃಷ್ಟಾಂತವಾಗಿ ಹೆಸರಿಸುವುದು ಒಂದು ಹಂದಿಯನ್ನು. ಗುಹೆಯಲ್ಲಿದ್ದ ಮುನಿಗಳನ್ನು ತಿನ್ನಲು ಬಂದ ಹುಲಿಯನ್ನು ಅದು ಬಾಗಿಲಲ್ಲೇ ತಡೆದು ಹೋರಾಡಿತು, ಎರಡೂ ಸತ್ತವು, ಹಂದಿಗೆ ಸ್ವರ್ಗ, ಹುಲಿಗೆ ನರಕ. ಹೊರಗಿನಿಂದ ನೋಡಿದರೆ ಎರಡೂ ಮಾಡಿದ್ದು ಒಂದೇ. ಗತಿಯನ್ನು ಬೇರೆ ಮಾಡಿದ್ದು ಒಳಗಿನ ಭಾವ. ಅಂತೆಯೇ ಅರಿವು ಕಳೆದುಕೊಂಡ ರೋಗಿಯ ಏಟಿಗೂ ಅರಿವಿದ್ದವನ ಏಟಿಗೂ ಹೆಸರು ಒಂದೇ ಆದರೂ ಜಾತಿ ಬೇರೆ. ಮೊದಲನೆಯವನ ಮೇಲೆ ಕೋಪಿಸುವುದು ಮರದ ಕೊಂಬೆ ಬಿದ್ದಾಗ ಮರದೊಡನೆ ಜಗಳವಾಡಿದಂತೆ. ಒಳ್ಳೆಯ ಚಿಕಿತ್ಸಕರಲ್ಲಿ ಬಹಳ ಮಂದಿ ಯಾರ ಉಪದೇಶವೂ ಇಲ್ಲದೆ ಇದನ್ನು ಬಲ್ಲರು. ಕಚ್ಚಿದ ಕೈಗೆ ಪಟ್ಟಿ ಕಟ್ಟಿಕೊಂಡು ಮರುದಿನ ಅದೇ ಹಾಸಿಗೆಯ ಬಳಿಗೆ ಹೋಗುತ್ತಾರೆ.

ಆದರೆ ಒಂದು ಎಚ್ಚರ ಬೇಕು. ಭಾವಹಿಂಸೆಯ ಸಿದ್ಧಾಂತವು ಹೊಡೆದವನಿಗೆ ಎಷ್ಟು ಕರ್ಮಬಂಧವೆಂಬುದನ್ನು ಹೇಳುತ್ತದೆ. ಹೊಡೆಸಿಕೊಂಡವಳ ಬೆರಳು ಮುರಿಯಲಿಲ್ಲವೆಂದು ಅದು ಹೇಳುವುದಿಲ್ಲ. ದ್ರವ್ಯಹಿಂಸೆ ನಡೆದೇ ಇದೆ. ರೋಗಿಗೆ ದೋಷವಿಲ್ಲವೆಂದ ಮಾತ್ರಕ್ಕೆ ಟ್ರಸ್ಟಿಗೂ ದೋಷವಿಲ್ಲವೆಂದಾಗದು. ನಾಲ್ಕನೆಯ ಮೆಟ್ಟಿಲಿನ ರೋಗಿಯ ಬಳಿಗೆ ಒಬ್ಬಳನ್ನೇ ಕಳುಹಿಸಿದವರಾರು? ಅವನು ನಿನ್ನೆ ಕಚ್ಚಿದ್ದನೆಂಬುದನ್ನು ಇಂದಿನವಳಿಗೆ ತಿಳಿಸದೆ ಬಿಟ್ಟವರಾರು? ಮುನಿಗಳು ಈರ್ಯಾಸಮಿತಿಯಿಂದ, ನೆಲವನ್ನು ನೋಡಿ ನಡೆಯುವಾಗ ಕಾಲಡಿಗೆ ಜೀವಿ ಸಿಕ್ಕರೂ ಅವರಿಗೆ ಹಿಂಸಾದೋಷವಿಲ್ಲ. ನೋಡದೆ ನಡೆದವನಿಗೆ ಜೀವಿ ಸಿಗದಿದ್ದರೂ ದೋಷ ತಪ್ಪದು. ನೋಡಿ ನಡೆಯಬೇಕಾದವರು ಇಲ್ಲಿ ಆಡಳಿತದವರು.

ಈಗ ಅರಿವುಳ್ಳ ರೋಗಿಯ ವಿಷಯ, ಹತ್ತು ಗಂಟೆಯ ಸರದಿಯ ಹಿರಿಯರ ವಿಷಯ. ಅವರ ಮೆದುಳಿಗೆ ಯಾವ ಹಾನಿಯೂ ಆಗಿಲ್ಲ. ಅವರು ಪುರುಷ ಚಿಕಿತ್ಸಕರ ಮುಂದೆ ಹಾಗೆ ವರ್ತಿಸಲಾರರು, ವೈದ್ಯರ ಮುಂದೆ ವರ್ತಿಸಲಾರರು. ಯಾರ ಮುಂದೆ ವರ್ತಿಸಬಹುದೆಂಬ ಲೆಕ್ಕಾಚಾರ ಅವರಿಗೆ ತಿಳಿದಿದೆ. ಇದು ಸಂಕಲ್ಪೀ ಹಿಂಸೆ. ಗೃಹಸ್ಥನಿಗೆ ಸರ್ವಥಾ ತ್ಯಾಜ್ಯವಾದುದು. ಇದನ್ನು ಮುಚ್ಚುವುದಕ್ಕೆ ಧರ್ಮದ ಹೆಸರಿನಲ್ಲಿ ಸಾಮಾನ್ಯವಾಗಿ ಎರಡು ಆಧಾರಗಳನ್ನು ಮುಂದಿಡುತ್ತಾರೆ. ಎರಡೂ ಸಮ್ಯಗ್ದರ್ಶನದ ಅಷ್ಟಾಂಗಗಳಿಗೆ ಸೇರಿದವು.

ಮೊದಲನೆಯದು ನಿರ್ವಿಚಿಕಿತ್ಸೆ. ಉದ್ದಾಯನ ಮಹಾರಾಜನನ್ನು ಪರೀಕ್ಷಿಸಲು ದೇವನೊಬ್ಬನು ರೋಗಿಷ್ಠ ಮುನಿಯ ವೇಷದಲ್ಲಿ ಬಂದು, ಆಹಾರ ಸ್ವೀಕರಿಸಿ, ರಾಜನ ಮೇಲೂ ರಾಣಿ ಪ್ರಭಾವತಿಯ ಮೇಲೂ ವಾಂತಿ ಮಾಡಿದ. ರಾಜ ಹೇಸಲಿಲ್ಲ, ತಾನು ಕೊಟ್ಟ ಆಹಾರದಲ್ಲೇ ದೋಷವಿದ್ದಿರಬೇಕೆಂದು ನೊಂದ. ರೋಗಿಯಿಂದ ಏನೇ ಬಂದರೂ ಸಹಿಸಬೇಕೆಂಬುದಕ್ಕೆ ಈ ಕಥೆಯನ್ನು ಹೇಳುತ್ತಾರೆ. ಆದರೆ ಕಥೆಯಲ್ಲಿರುವುದು ರೋಗದ ಹೊಲಸು, ಕಾಮದ ಹೊಲಸಲ್ಲ. ವಾಂತಿ, ಕೀವು, ಮಲಮೂತ್ರಗಳಿಗೆ ಹೇಸದೆ ಸೇವೆ ಮಾಡುವುದು ನಿರ್ವಿಚಿಕಿತ್ಸೆ. ಅದನ್ನು ಆ ಹುಡುಗಿ ಪ್ರತಿದಿನವೂ ಮಾಡುತ್ತಿದ್ದಾಳೆ. ಇನ್ನೂ ಒಂದು ಮಾತು. ಉದ್ದಾಯನನು ದೊರೆ. ಬೇಡವೆನ್ನುವ ಶಕ್ತಿ ಇದ್ದೂ ಆತ ಸೇವೆಯನ್ನು ಆರಿಸಿಕೊಂಡ. ಬೇಡವೆಂದರೆ ತಿಂಗಳ ಸಂಬಳವೇ ಹೋದೀತೆಂಬ ಭಯದಲ್ಲಿ ಸುಮ್ಮನಿರುವವಳ ಸಹನೆಯನ್ನು ಆ ದೊರೆಯ ಸಹನೆಯ ಪಕ್ಕದಲ್ಲಿಟ್ಟು ಹೊಗಳುವುದು ದೊರೆಗೂ ಅವಳಿಗೂ ಅಪಚಾರ.

ಎರಡನೆಯದು ಉಪಗೂಹನ. ಧರ್ಮಾತ್ಮರಲ್ಲಿ ಕಂಡ ದೋಷವನ್ನು ಬಯಲು ಮಾಡದೆ ಮುಚ್ಚಬೇಕೆಂಬುದು ಈ ಅಂಗದ ತಾತ್ಪರ್ಯವೆಂದು ಹೇಳಿ, ದಾನಿಗಳ ಹೆಸರು ಕೆಡಬಾರದು, ಟ್ರಸ್ಟಿನ ಹೆಸರು ಕೆಡಬಾರದು, ಸಮಾಜದ ಹೆಸರು ಕೆಡಬಾರದು ಎನ್ನುವವರುಂಟು. ಈ ಅಂಗಕ್ಕೆ ದೃಷ್ಟಾಂತನಾದವನು ಶ್ರೇಷ್ಠಿ ಜಿನೇಂದ್ರಭಕ್ತ. ಅವನ ಮನೆಯ ಚೈತ್ಯಾಲಯದ ಅಮೂಲ್ಯವಾದ ವೈಡೂರ್ಯವನ್ನು ಕದಿಯಲು ಕಳ್ಳನೊಬ್ಬ ಕ್ಷುಲ್ಲಕನ ವೇಷ ಹಾಕಿ ಬಂದ. ಶ್ರೇಷ್ಠಿ ಅವನನ್ನು ನಂಬಿ ಚೈತ್ಯಾಲಯವನ್ನೇ ಒಪ್ಪಿಸಿದ. ಕಳ್ಳ ಮಣಿಯೊಡನೆ ಓಡುವಾಗ ಕಾವಲಿನವರು ಹಿಡಿದರು. ಕ್ಷುಲ್ಲಕ ಕಳ್ಳನೆಂದು ಜನ ಆಡಿಕೊಂಡರೆ ಧರ್ಮಕ್ಕೇ ಕಳಂಕವೆಂದು ಶ್ರೇಷ್ಠಿ, ತಾನೇ ಮಣಿ ತರಹೇಳಿದ್ದೆನೆಂದು ಕಾವಲಿನವರನ್ನು ಕಳುಹಿಸಿಬಿಟ್ಟ. ಕಥೆಯನ್ನು ಹೇಳುವವರು ಬಹುಮಟ್ಟಿಗೆ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಆದರೆ ಕಥೆ ಇಲ್ಲಿಗೆ ಮುಗಿದಿಲ್ಲ. ಅದೇ ರಾತ್ರಿ ಶ್ರೇಷ್ಠಿ ಆ ಕಳ್ಳನನ್ನು ಹೊರಗಟ್ಟಿದ. ಜನರ ಮುಂದೆ ದೋಷವನ್ನು ಮುಚ್ಚಿದವನು ಮರುದಿನ ಬೆಳಗ್ಗೆ ಚೈತ್ಯಾಲಯದ ಕೀಲಿಕೈಯನ್ನು ಮತ್ತೆ ಅವನ ಕೈಗೆ ಕೊಡಲಿಲ್ಲ.

ಉಪಗೂಹನದ ಮೇರೆ ಅಷ್ಟೇ. ದೋಷವನ್ನು ಬೀದಿಯಲ್ಲಿ ಸಾರಬೇಕಾಗಿಲ್ಲ. ದೋಷಿಯ ಕೈಗೆ ಅದೇ ಅವಕಾಶವನ್ನು ಮತ್ತೆ ಕೊಡಕೂಡದು. ಕಾರ್ಯದರ್ಶಿಗಳು ಮುಚ್ಚುವುದನ್ನು ಮಾಡಿದರು, ಹೊರಗಟ್ಟುವುದನ್ನು ಬಿಟ್ಟರು. ಸಂಜೆಯ ಸರದಿಗೆ ಹೋದವಳು ಹೊಡೆತ ತಿಂದವಳು, ಹತ್ತು ಗಂಟೆಯಲ್ಲೇ ಉಳಿದವರು ಹೊಡೆದವರು. ಸ್ಥಳ ಬದಲಾದದ್ದು ಮಣಿಯದೇ ಹೊರತು ಕಳ್ಳನದಲ್ಲ.

ಇನ್ನು ಕ್ಷಮೆ. ಕ್ಷಮಾವಾಣಿಯ ದಿನ ಒಬ್ಬರು ಮತ್ತೊಬ್ಬರ ಬಳಿಗೆ ಹೋಗಿ ಕ್ಷಮೆ ಬೇಡುತ್ತಾರೆ. ಬೇಡುವವನು ತಪ್ಪು ಮಾಡಿದವನು, ನೀಡುವವನು ನೊಂದವನು. ನಡುವೆ ಮೂರನೆಯವನಿಗೆ ಕೆಲಸವಿಲ್ಲ. ಇಲ್ಲಿ ಹಿರಿಯರು ಕ್ಷಮೆ ಬೇಡಿಲ್ಲ; ಅವರ ಪರವಾಗಿ ಕಾರ್ಯದರ್ಶಿಗಳು ಬೇಡಿದ್ದಾರೆ, ಆಕೆಯ ಪರವಾಗಿ ಕಾರ್ಯದರ್ಶಿಗಳೇ ಕೊಟ್ಟೂ ಬಿಟ್ಟಿದ್ದಾರೆ. ಒಬ್ಬರ ಉಪವಾಸವನ್ನು ಮತ್ತೊಬ್ಬರು ಮಾಡಲಾಗದಂತೆ ಒಬ್ಬರ ಕ್ಷಮೆಯನ್ನು ಮತ್ತೊಬ್ಬರು ನೀಡಲಾಗದು. ಆಕೆ ಮನಸ್ಸಿನಲ್ಲಿ ಕ್ರೋಧವನ್ನಿಟ್ಟುಕೊಳ್ಳದೆ ಆ ಹಿರಿಯರನ್ನು ಕ್ಷಮಿಸಿದರೆ ಅದು ಆಕೆಯ ಆತ್ಮದ ಸಂಪತ್ತು. ಹಾಗೆ ಕ್ಷಮಿಸಿಯೂ ಆಕೆ ನಡೆದುದನ್ನು ಪುಸ್ತಕದಲ್ಲಿ ಬರೆಯಿಸಬಹುದು, ದೂರು ಕೊಡಬಹುದು. ದೂರಿಗೆ ಕ್ರೋಧವೇ ಪ್ರೇರಣೆಯಾಗಬೇಕೆಂದಿಲ್ಲ. ನಾಳೆ ಬರುವವಳ ಮೇಲಿನ ಅನುಕಂಪೆಯೂ ಆಗಬಹುದು.

ಕರ್ನಾಟಕದ ಅನೇಕ ಬಸದಿಗಳಲ್ಲಿ ಪಾರ್ಶ್ವನಾಥ ತೀರ್ಥಂಕರರ ಮೂರ್ತಿಯಿದೆ. ಹುಂಚದಲ್ಲಿ ಪದ್ಮಾವತಿಯ ಸನ್ನಿಧಿಯಿದೆ. ಕಮಠನು ಕಲ್ಲುಮಳೆ ಸುರಿಸಿ ಉಪಸರ್ಗ ಮಾಡಿದಾಗ ಭಗವಂತರು ಕೋಪಿಸದೆ, ಕದಲದೆ ನಿಂತರು. ಧರಣೇಂದ್ರನಾದರೋ ಅವರ ಸಹನೆಯನ್ನು ನೋಡಿ ಕೈಮುಗಿದು ದೂರ ನಿಲ್ಲಲಿಲ್ಲ. ಬಂದು ತಲೆಯ ಮೇಲೆ ಹೆಡೆಯೆತ್ತಿದ. ಸಹನೆ ಪಾರ್ಶ್ವನಾಥರದು, ಹೆಡೆ ಧರಣೇಂದ್ರನದು. ಶಿಲ್ಪಿಗಳು ಎರಡನ್ನೂ ಒಂದೇ ಕಲ್ಲಿನಲ್ಲಿ ಕಡೆದಿದ್ದಾರೆ. ಅಧಿಕಾರ ಕೈಯಲ್ಲಿರುವ ಆಡಳಿತ ಮಂಡಲಿಯು ಈ ಮೂರ್ತಿಯಲ್ಲಿ ತನ್ನ ಸ್ಥಾನ ಯಾವುದೆಂದು ಕಂಡುಕೊಳ್ಳಬೇಕು. ಚಿಕಿತ್ಸಕಿಗೆ ಪಾರ್ಶ್ವನಾಥರ ಸಹನೆಯನ್ನು ಉಪದೇಶಿಸಿ ತಾನು ಹೆಡೆಯನ್ನು ಮಡಚಿಕೊಳ್ಳುವ ಮಂಡಲಿಗೆ ಆ ಕಥೆಯಲ್ಲಿ ಸ್ಥಾನವೇ ಇಲ್ಲ.

ಮೌನವು ತಟಸ್ಥವೆಂದು ತಿಳಿಯುವುದು ಜೈನರಿಗೆ ಸಲ್ಲದ ಮಾತು. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮೋದಿತ ಎಂಬ ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ ಪಾಪಾಸ್ರವದ 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳಿಗೆ ಹಿರಿಯರು ಕೊಡುವ ಅರ್ಥಗಳಲ್ಲಿ ಇದೂ ಒಂದು. ಆ 108ರಲ್ಲಿ 36 ಅನುಮೋದನೆಗೆ ಸಲ್ಲುತ್ತವೆ. ತಡೆಯುವ ಶಕ್ತಿಯಿದ್ದೂ ತಡೆಯದೆ, ದಾನ ನಿಂತೀತೆಂಬ ಲೋಭದಿಂದ ಸುಮ್ಮನಿರುವುದು ಈ 36ರ ಹೊರಗೆ ಉಳಿಯುವುದು ಕಷ್ಟ. ಆ ದಿನ ಕಾರ್ಯದರ್ಶಿಗಳ ಮನಸ್ಸಿನಲ್ಲಿ ಮುಂದಿನ ವರ್ಷದ ದೇಣಿಗೆಯ ಯೋಚನೆ ಹಾದುಹೋಗಲಿಲ್ಲವೇ ಎಂಬುದನ್ನು ಅವರೇ ಪ್ರತಿಕ್ರಮಣದ ಹೊತ್ತಿಗೆ ಕೇಳಿಕೊಳ್ಳಬೇಕು.

ಶಾಸ್ತ್ರದ ಮಾತು ಹಾಗಿರಲಿ, ದೇಶದ ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. ವೈದ್ಯಕೀಯ ಸೇವಾ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 2009ರಿಂದ ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕೇಂದ್ರ ಕಾಯ್ದೆಯು, ಸಹೋದ್ಯೋಗಿಗಳಿಂದ ಮಾತ್ರವಲ್ಲದೆ ಕೆಲಸದ ಸ್ಥಳದಲ್ಲಿ ಸಂಪರ್ಕಕ್ಕೆ ಬರುವ ಇತರರಿಂದಲೂ ಮಹಿಳೆಗೆ ರಕ್ಷಣೆ ಕೊಡುವ ಹೊಣೆಯನ್ನು ಉದ್ಯೋಗದಾತರ ಮೇಲೆ ಹೊರಿಸಿದೆ. ರೋಗಿಯೂ ಆ ಇತರರಲ್ಲಿ ಸೇರುತ್ತಾನೆ. ಕೆಲಸದ ನಿಮಿತ್ತ ಹೋದ ರೋಗಿಯ ಮನೆಯೂ ಕೆಲಸದ ಸ್ಥಳವೇ. ತರಬೇತಿಗೆ ಬಂದ ವಿದ್ಯಾರ್ಥಿನಿಗೂ, ಸಂಬಳವಿಲ್ಲದೆ ಸೇವೆ ಮಾಡುವವಳಿಗೂ ಈ ರಕ್ಷಣೆ ಉಂಟು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು; ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಮ್ಮದು ಧರ್ಮಸಂಸ್ಥೆ, ಇದೆಲ್ಲ ಕಂಪನಿಗಳಿಗೆ ಎನ್ನುವ ಟ್ರಸ್ಟಿಗಳು ಒಮ್ಮೆ ವಕೀಲರನ್ನು ಕೇಳಿ ನೋಡುವುದು ಒಳ್ಳೆಯದು.

ಇಷ್ಟಾದರೂ ಕೆಲವು ಆಕ್ಷೇಪಗಳು ಉಳಿಯುತ್ತವೆ. ಸತ್ಯಾಣುವ್ರತವನ್ನು ಹೇಳುವಾಗ ಸಮಂತಭದ್ರರು, ಪರರಿಗೆ ವಿಪತ್ತು ತರುವ ಸತ್ಯವನ್ನೂ ಆಡಬಾರದೆಂದಿದ್ದಾರೆ. ಹಿರಿಯರ ಮಾನ ಹೋಗುವುದು ವಿಪತ್ತಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ವಿಪತ್ತು ಯಾರಿಗೆಂಬುದನ್ನು ಎರಡೂ ಕಡೆ ನೋಡಬೇಕು. ಆಡಿದ ಸತ್ಯದಿಂದ ಒಬ್ಬರ ಮಾನಕ್ಕೆ ಕುಂದು ಬಂದೀತು; ಆಡದ ಸತ್ಯದಿಂದ ಹೊಸದಾಗಿ ಬಂದ ಹುಡುಗಿ ಏನೂ ತಿಳಿಯದೆ ಪರದೆಯೊಳಗೆ ಹೋಗುತ್ತಾಳೆ. ಮೊದಲನೆಯ ವಿಪತ್ತನ್ನು ಹಿರಿಯರು ತಾವೇ ತಂದುಕೊಂಡದ್ದು. ಎರಡನೆಯದನ್ನು ಆಕೆ ತಂದುಕೊಂಡದ್ದಲ್ಲ.

ಹಾಗಾದರೆ ರೋಗಿಗೆ ಚಿಕಿತ್ಸೆ ನಿಲ್ಲಿಸಬೇಕೇ, ಅದು ಹಿಂಸೆಯಲ್ಲವೇ ಎಂಬುದು ಮತ್ತೊಂದು ಆಕ್ಷೇಪ. ಎಲ್ಲಕ್ಕಿಂತ ಗಟ್ಟಿಯಾದುದೂ ಇದೇ. ಕೀಲು ಬದಲಿಸಿದ ಮೊಣಕಾಲನ್ನು ಸಕಾಲದಲ್ಲಿ ಮಡಿಸಿ ನೀಡಿಸದಿದ್ದರೆ ಅದು ಬಿಗಿದುಕೊಳ್ಳುತ್ತದೆ. ಮುಂದೆ ಮೆಟ್ಟಿಲು ಹತ್ತುವುದೂ ಕಷ್ಟ, ಸಾಮಾಯಿಕಕ್ಕೆ ಕೂರುವುದೂ ಕಷ್ಟ. ವೈಯಾವೃತ್ಯದಲ್ಲಿ ರೋಗಿಯ ಗುಣದೋಷಗಳ ತನಿಖೆಯಿಲ್ಲ. ದುಷ್ಟನ ಕಾಲೂ ಕಾಲೇ. ಅರಿವಿಲ್ಲದೆ ಹೊಡೆಯುವ ರೋಗಿಯನ್ನಂತೂ ಯಾವ ಕಾರಣಕ್ಕೂ ಕೈಬಿಡುವಂತಿಲ್ಲ.

ಆದರೆ ಚಿಕಿತ್ಸೆ ಕೊಡುವುದು ಬೇರೆ, ಒಬ್ಬಳನ್ನು ಒಪ್ಪಿಸಿಬಿಡುವುದು ಬೇರೆ. ಆ ಹಿರಿಯರ ಸರದಿಯನ್ನು ಪುರುಷ ಚಿಕಿತ್ಸಕನಿಗೆ ವಹಿಸಬಹುದು. ಪರದೆಯನ್ನು ಅರ್ಧ ತೆರೆದು, ಮಗನನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಬಹುದು. ಅಧ್ಯಕ್ಷರೇ ಅವರ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮೃದುವಾಗಿ ಆದರೆ ಸ್ಪಷ್ಟವಾಗಿ ಹೇಳಬಹುದು. ಜಿನೇಂದ್ರಭಕ್ತನ ಆ ರಾತ್ರಿಯ ಕೆಲಸ ಅದೇ. ಮತ್ತೆ ನಡೆದರೆ ಈ ಕೇಂದ್ರದಲ್ಲಿ ಚಿಕಿತ್ಸೆಯಿಲ್ಲವೆಂದು ಬರೆದು ಕೊಡಬಹುದು. ಊರಿನಲ್ಲಿ ಬೇರೆ ಚಿಕಿತ್ಸಕರಿದ್ದಾರೆ. ತಲೆಗೆ ಪೆಟ್ಟಾದ ರೋಗಿಯ ಬಳಿಗೆ ಇಬ್ಬರು ಹೋಗಬೇಕು, ಬಾಗಿಲಿಗೆ ಹತ್ತಿರವಾಗಿ ನಿಲ್ಲಬೇಕು, ಗದ್ದಲ ಬೆಳಕುಗಳನ್ನು ತಗ್ಗಿಸಿ, ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು. ಅವನು ಕೈಬೀಸಿದಾಗ ಹಿಂದೆ ಸರಿಯುವುದು, ಮಣಿಕಟ್ಟನ್ನು ನೋವಾಗದಂತೆ ಹಿಡಿಯುವುದು ಹಿಂಸೆಯಲ್ಲ. ಗೃಹಸ್ಥನ ವಿರೋಧೀ ಹಿಂಸೆಗೆ ಶಾಸ್ತ್ರವು ಕೊಟ್ಟ ಅವಕಾಶದ ಹತ್ತಿರಕ್ಕೂ ಅದು ಬರುವುದಿಲ್ಲ.

ಇವಕ್ಕೆಲ್ಲ ಹೆಚ್ಚಿನ ಹಣ ಬೇಕಿಲ್ಲ. ಇನ್ನೊಬ್ಬ ಸಹಾಯಕಿಯ ಸಂಬಳ, ಪ್ರತಿ ಮಂಚದ ಬಳಿ ಒಂದು ಕರೆಗಂಟೆ, ನಡೆದುದನ್ನು ಬರೆಯಲು ಒಂದು ಪುಸ್ತಕ. ಪಂಚಕಲ್ಯಾಣ ಮಹೋತ್ಸವದ ಒಂದು ಸವಾಲಿನ ಹಣದಲ್ಲಿ ಇವು ಹಲವು ವರ್ಷ ನಡೆದಾವು. ಫಲಕದಲ್ಲಿ ಹೆಸರು ಕೆತ್ತಿಸುವುದಕ್ಕೆ ಕರೆಗಂಟೆ ತೀರ ಚಿಕ್ಕ ವಸ್ತುವಾದುದರಿಂದ ದಾನಿಗಳು ಸಿಗುವುದು ತುಸು ಕಷ್ಟವಾಗಬಹುದು.

ಆ ಪುಸ್ತಕದ ಮೊದಲ ಪುಟದಲ್ಲಿ ಬರೆಯಬೇಕಾದುದು ಹತ್ತು ಗಂಟೆಯ ಸರದಿಯದು. ಬರೆಯಬೇಕಾದವಳು ಈಗ ಸಂಜೆ ಬರುತ್ತಾಳೆ. ಅವಳನ್ನು ಕರೆದು ಕೇಳಬೇಕು, ಅವಳು ಒಪ್ಪಿದರೆ ಬರೆಯಬೇಕು. ಬೆಳಗಿನ ಹುಡುಗಿಗೆ ಅದನ್ನು ಓದಿ ಹೇಳಬೇಕು, ನಾಳೆ ಒಂಬತ್ತೂವರೆಗೆ, ಅವಳು ಪರದೆ ಎಳೆಯುವ ಮೊದಲು.